ಎರಡು ವರ್ಷ ಸಾಲದೆಂದು ಬರೆದವನು

ಕೊಂದವನ ಹೆಂಡತಿ, ಸತ್ತವನ ಹೆಂಡತಿ. ಇಬ್ಬರೂ ಕೂಡಿ ಒಂದೇ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಕಳೆದ ಬುಧವಾರ ಕೊಣ್ಣೂರಿನಲ್ಲಿ ಕಣ್ಣಾರೆ ಕಂಡೆ.

ನಿಮಗೆ ನೆನಪಿರಬಹುದು, ಹದಿನೈದು ದಿನದ ಹಿಂದೆ ಪತ್ರಿಕೆಯ ಇದೇ ಅಂಕಣದಲ್ಲಿ ನಾನು ಕೆಂಡ ಕಾರಿದ್ದೆ. ನೀರಿನ ಪಾಳಿಗಾಗಿ ಜಗಳ ತೆಗೆದು ಮಲ್ಲಪ್ಪ ನೆರೆಹೊಲದ ಶಿವಪ್ಪನನ್ನು ನೂಕಿದ. ಶಿವಪ್ಪನ ತಲೆ ಕಾಲುವೆಯ ಕಲ್ಲಿಗೆ ಬಡಿಯಿತು. ಅಲ್ಲೇ ಜೀವ ಹೋಯಿತು. ಕೊಲ್ಲುವ ಉದ್ದೇಶವಿರಲಿಲ್ಲವೆಂದು ಸೆಷನ್ಸ್ ಕೋರ್ಟು ಕೊಟ್ಟದ್ದು ಎರಡೇ ವರ್ಷ. ಇದು ಶಿಕ್ಷೆಯೇ? ಕಾಯ್ದೆ ಬದಲಾಗಲಿ, ಹತ್ತು ವರ್ಷಕ್ಕೆ ಕಡಿಮೆ ಬೇಡ ಎಂದು ಬರೆದೆ. ಗೋಕಾಕಿನ ವಕೀಲರು ಬೆನ್ನು ತಟ್ಟಿದರು. (ನಾನೂ ಸ್ವಲ್ಪ ಉಬ್ಬಿದೆ.)

ಆ ಉಬ್ಬಿನಲ್ಲೇ ಶಿವಪ್ಪನ ಹೆಂಡತಿ ಗಂಗವ್ವನನ್ನು ಕಾಣಲು ಹೊರಟೆ. ಅವಳು ನನ್ನನ್ನು ಹೊಗಳಲಿ ಎಂಬ ಆಸೆ ಇರಲಿಲ್ಲವೆಂದರೆ ಸುಳ್ಳಾದೀತು.

ಇಳಿಹೊತ್ತು. ಕುದಿಯುವ ಕಬ್ಬಿನ ಹಾಲಿನ ಘಮ ಊರ ತುಂಬ. ಎತ್ತುಗಳು ಸುತ್ತುತ್ತಲೇ ಇದ್ದವು. ಒಲೆಯ ಹೊಗೆ ನದಿಯ ಗಾಳಿಗೆ ಬಾಗಿದಾಗ ಇಬ್ಬರು ಹೆಂಗಸರೂ ಅದರಲ್ಲಿ ಕರಗುವರು, ಮತ್ತೆ ಮೂಡುವರು. ಯಾರು ಯಾರ ಹೆಂಡತಿ? ನಾನು ನಿಂತಲ್ಲೇ ಅರೆನಿದ್ದೆಯಲ್ಲಿದ್ದಂತಿತ್ತು.

ಎದುರುಬದುರಿನ ಎರಡು ಮನೆಗೂ ಒಂದೊಂದೇ ಎತ್ತು. ಗಂಡಂದಿರೂ ಹೀಗೇ ಜೋಡಿ ಕಟ್ಟಿ ದುಡಿಯುತ್ತಿದ್ದರಂತೆ. ಈಗ ಹೆಂಗಸರು ದುಡಿಯುತ್ತಾರೆ, ಮಾತಿಲ್ಲದೆ.

ನಾನು ಬರೆದದ್ದನ್ನು ಊರ ಶಾಲೆಯ ಮಾಸ್ತರರು ಓದಿ ಹೇಳಿದರೆಂದು ಗಂಗವ್ವ ತಿಳಿಸಿದಳು. ಹೊಗಳಲಿಲ್ಲ. ಹತ್ತು ವರ್ಷ ಯಾಕೆ ಕೇಳಿದಿರಿ ಎಂದಳು. ಹಾಗಾದರೆ ಅವನನ್ನು ಕ್ಷಮಿಸಿದೆಯಾ ಎಂದೆ.

"ಮಾಫಿ ಮಾಡಿಲ್ರಿ. ಮಾಡಂಗೂ ಇಲ್ಲ," ಎಂದಳು, ಗಾಣಕ್ಕೆ ಕಬ್ಬು ಕೊಡುತ್ತಲೇ. "ಅಂವಾ ಲಗೂ ಬರ್ಲಿ. ಜೇಲಿನ್ಯಾಗ ಬರೇ ಗ್ವಾಡಿ ಕಾಣತೈತಿ. ಇಲ್ಲಿ ದಿನಾ ಮುಂಜಾನೆ ಎದ್ದು ನನ್ನ ಬಾಗಲಾ ನೋಡಬೇಕು."

ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡ ಕನಸಿನಲ್ಲಿ ಬರುತ್ತಾನಂತೆ. ಹರಿಯುವ ನೀರಿನಲ್ಲಿ ಕಾಲಿಟ್ಟು ನಿಂತಿರುತ್ತಾನಂತೆ.

ಅಷ್ಟರಲ್ಲಿ ಮಲ್ಲಪ್ಪನ ಹೆಂಡತಿ ಎಲೆಯಲ್ಲಿ ಬಿಸಿ ಬೆಲ್ಲ ತಂದು ನನ್ನ ಕೈಗಿಟ್ಟಳು. ತಲೆ ಎತ್ತದೆಯೇ ಕೇಳಿದಳು:

"ನೀವು ಬರದೀರಂತ ಖರೇನ ಹತ್ತ ವರ್ಷ ಮಾಡ್ತಾರೇನ್ರಿ?"

ಇಲ್ಲ ತಂಗಿ, ಆದ ಶಿಕ್ಷೆ ಬದಲಾಗುವುದಿಲ್ಲ ಎಂದೆ. ಅವಳು ಅಲ್ಲೇ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಗವ್ವ ಅವಳತ್ತ ನೋಡಲಿಲ್ಲ. ಆದರೆ ನೀರಿನ ತಂಬಿಗೆಯನ್ನು ಆ ಕಡೆ ಸರಿಸಿದಳು.

ಕಾಯ್ದೆ ಬಿಗಿಯಾಗಬೇಕೆಂದು ನನಗೆ ಈಗಲೂ ಅನಿಸುತ್ತದೆ. ಆದರೆ ಹತ್ತು ಎಂದು ಬರೆಯುವ ಮೊದಲು ನಾನು ಯಾರನ್ನು ಕೇಳಿದ್ದೆ?