ಎರಡೂ ಕಾಲಿನ ಅದೇ ಬೆರಳು

“ನಾ ಕಾಕಾನ ಕೂಡ ಇರ್ತೀನ್ರೀ,” ಎಂದು ಏಳೆಂಟು ವರ್ಷದ ಆ ಹುಡುಗಿ ನಾನು ಏನನ್ನೂ ಕೇಳುವ ಮೊದಲೇ ಒಪ್ಪಿಸಿಬಿಟ್ಟಳು. ನನಗೆ ಅನುಮಾನ ಹುಟ್ಟಿದ್ದು ಅಲ್ಲೇ.

ನಿಜಾಮರ ಕಾಲದಲ್ಲಿ ನಾನು ಲಿಂಗಸುಗೂರಿನ ಅದಾಲತ್ತಿನಲ್ಲಿ ವಕೀಲನಾಗಿದ್ದೆ. ತಂದೆತಾಯಿ ಇಲ್ಲದ ಈ ಮಗು ಪಾಮನಕಲ್ಲೂರಿನ ಅಜ್ಜಿಯ ಹತ್ತಿರ ಬೆಳೆದಿತ್ತು. ಹಬ್ಬಕ್ಕೆಂದು ಕರೆದೊಯ್ದ ಕಾಕಾ ವಾಪಸು ಕಳಿಸದೆ, ಅದನ್ನು ತನ್ನ ಸುಪರ್ದಿಗೇ ಕೊಡಿಸಬೇಕೆಂದು ನನ್ನಲ್ಲಿಗೆ ಬಂದಿದ್ದ. ಸತ್ತ ಅಣ್ಣನ ಹೊಲದ ಮೇಲೆ ತನಗೆ ಆಸೆಯಿಲ್ಲವೆಂದು ಯಾರೂ ಕೇಳದೆಯೇ ಆಣೆ ಮಾಡಿದ್ದ.

ಹುಡುಗಿ ಪಾದಗಳನ್ನು ಲಂಗದೊಳಗೆ ಎಳೆದುಕೊಂಡು ಕೂತಿದ್ದಳು. ನೀರು ಕುಡಿಯಲು ಎದ್ದಾಗ ಕಂಡೆ: ಹೆಬ್ಬೆರಳ ಪಕ್ಕದ ಬೆರಳು ಸುತ್ತಲೂ ತರಚಿ ಕೆಂಪಾಗಿತ್ತು.

“ಕಲ್ಲು ಎಡವ್ಯಾಳ್ರೀ, ವಕೀಲಸಾಬ್ರ,” ಎಂದ ಕಾಕಾ.

“ಎರಡೂ ಕಾಲಿನ ಅದೇ ಬೆರಳಿಗೆ ಹ್ಯಾಂಗ ಬಡೀತಪಾ ಕಲ್ಲು?”

ಹುಡುಗಿಯೇ ಅವನ ಕೋಟಿನ ಕಿಸೆಯತ್ತ ಕೈ ತೋರಿಸಿದಳು. ಕಾಲುಂಗುರಗಳು ಅಲ್ಲಿದ್ದವು. ಆ ಹೊಲ ಕೈತಪ್ಪದಿರಲೆಂದು ತನ್ನ ಹೆಂಡತಿಯ ತಮ್ಮನಿಗೆ ಅವಳನ್ನು ಆಗಲೇ ಮದುವೆ ಮಾಡಿಕೊಟ್ಟು, ಅದಾಲತ್ತಿಗೆ ಹೊರಡುವಾಗ ಉಂಗುರ ಕಳಚಿಸಿದ್ದ.

ನಾನು ಅವನ ಮುಕದ್ದಮೆ ಅಲ್ಲೇ ಬಿಟ್ಟೆ. ಅಜ್ಜಿ ಹಾಕಿದ ಅರ್ಜಿಯ ಮೇಲೆ ಮುನ್ಸಿಫರು ಮಗುವನ್ನು ಅವಳಿಗೇ ಒಪ್ಪಿಸಿದರು. ಆದರೆ ಆದ ಮದುವೆ ಆದಂತೆಯೇ ಉಳಿಯಿತು. ಅಜ್ಜಿಯ ಜೊತೆ ಹೊರಡುವಾಗ ಹುಡುಗಿ ನನ್ನತ್ತ ತಿರುಗಿ, “ಕಾಲುಂಗುರ ಮತ್ತ ಹಾಕ್ಕೋಬೇಕೇನ್ರೀ?” ಎಂದು ಕೇಳಿದಳು.