ದೊಡ್ಡಪ್ಪನ ಬೆನ್ನು

ಈ ಬೆಳಿಗ್ಗೆ ಪಕ್ಕದ ಮನೆಯಲ್ಲಿ ಸೀರೆಗೆ ಹಾಕಲು ಗಂಜಿ ಕಾಯಿಸುತ್ತಿದ್ದರು. ಸ್ವಲ್ಪ ತಳ ಹಿಡಿದಿತ್ತು. ನಾನು ಎಂದಿನಂತೆ ಐದಕ್ಕೆ ಎದ್ದು, ಹಾಸಿಗೆ ಸುತ್ತಿಟ್ಟು, ಬೀದಿಯ ಕೊನೆಯವರೆಗೆ ನಡೆದು ಬಂದು ಕಾಫಿಗೆ ಕೂತಿದ್ದೆ. ಈ ಕ್ರಮದಲ್ಲಿ ಒಂದು ಹಿಂದುಮುಂದಾದರೂ ನನಗೆ ದಿನವೇ ಸೊಟ್ಟಗೆ ನಿಂತಂತೆ ಕಾಣುತ್ತದೆ. ಮನೆಯವರು ಇದಕ್ಕೆ ನನ್ನ ಬೆನ್ನ ಹಿಂದೆ ನಗುತ್ತಾರೆಂದು ಬಲ್ಲೆ. ನಗಲಿ, ಆದರೆ ಕಾಫಿ ಹೊತ್ತಿಗೆ ಸರಿಯಾಗಿ ಬರಲಿ. ಇವತ್ತು ಕಾಫಿ ಹೊತ್ತಿಗೆ ಸರಿಯಾಗಿಯೇ ಬಂತು. ಕುಡಿಯಲು ಮರೆತವನು ನಾನು. ಆ ಸೀದ ಗಂಜಿಯ ವಾಸನೆ ನನ್ನನ್ನು ಎತ್ತಿಕೊಂಡು ಹೋಗಿ ಸೇಲಂ ಸೀಮೆಯ ಎಡಪ್ಪಾಡಿಯ ನಮ್ಮ ಹಳೆಯ ಮನೆಯಲ್ಲಿ ತಂದು ಕೂರಿಸಿಬಿಟ್ಟಿತು.

ಆ ಮನೆಯಲ್ಲಿ ಅನ್ನದ ಗಂಜಿಗಿಂತ ನೂಲಿನ ಗಂಜಿಗೆ ಮರ್ಯಾದೆ ಹೆಚ್ಚು. ನಮ್ಮದು ನೇಕಾರರ ಬೀದಿ. ಹೊಸ್ತಿಲ ಆಚೆ ತಮಿಳು, ಈಚೆ ಕನ್ನಡ. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಅಪ್ಪ ಮಗ್ಗಕ್ಕೆ ಕೂತರೆಂದರೆ ಊಟದ ಹೊತ್ತಿನವರೆಗೆ ಸದ್ದು ನಿಲ್ಲಬಾರದು. ಬಲಗೈ ಹಗ್ಗ ಜಗ್ಗಿದರೆ ಲಾಳಿ ಓಡುತ್ತಿತ್ತು, ಎಡಗೈ ಹಲಗೆ ಎಳೆದರೆ ನೂಲು ಬಿಗಿಯಾಗುತ್ತಿತ್ತು. ಅದೇ ನಮ್ಮ ಮನೆಯ ಗಡಿಯಾರ. ನಡುವೆ ಅದು ನಿಂತರೆ ಅವ್ವ ಅಡುಗೆಮನೆಯಿಂದ, "ಯಾರಿಗೇನಾಯ್ತು?" ಎಂದು ಓಡಿ ಬರುತ್ತಿದ್ದಳು. ನನ್ನ ಶಿಸ್ತೆಲ್ಲ ಆ ಕುಣಿಯಿಂದ ಬಂದದ್ದು, ಶಾಲೆಯಿಂದಲ್ಲ.

ಮಗ್ಗದ ಹಿಂದೆ, ಬಾಗಿಲ ಪಕ್ಕ, ದೊಡ್ಡವ್ವ ರಾಟೆ ತಿರುಗಿಸುತ್ತ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ಅಪ್ಪನ ಅಣ್ಣನ ಹೆಂಡತಿ ಅವರು. ನಾನು ಹುಟ್ಟುವ ಮೊದಲೇ ದೊಡ್ಡಪ್ಪ ಜ್ವರ ಬಂದು ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ದೊಡ್ಡವ್ವನ ಕೈಯಲ್ಲಿ ರಾಟೆ ಎಷ್ಟು ಚುರುಕೋ ಬಾಯಲ್ಲಿ ನಾಲಿಗೆಯೂ ಅಷ್ಟೇ ಚುರುಕು. ಅಪ್ಪನಿಗೆ ಎದುರು ಮಾತಾಡುವ ಧೈರ್ಯ ಬೀದಿಯಲ್ಲಿ ಅವರೊಬ್ಬರಿಗೇ ಇತ್ತು.

ಮೆಟ್ಟೂರಿನಲ್ಲಿ ಕಾವೇರಿಗೆ ಅಣೆ ಕಟ್ಟುತ್ತಿದ್ದ ಕಾಲ ಅದು. ನಾನು ಸೇಲಂನಲ್ಲಿ ಶಾಲೆ ಮುಗಿಸಿ ಬಂದಿದ್ದೆ. ಡ್ರಾಯಿಂಗ್ ಮೇಷ್ಟ್ರಾಗಬೇಕೆಂಬುದು ನನ್ನ ಹುಚ್ಚು. ಶನಿವಾರಕ್ಕೊಮ್ಮೆ ಗಾಡಿಯಲ್ಲಿ ಶಂಕಗಿರಿಗೆ ಹೋಗಿ, ರೈಲು ಹಿಡಿದು, ಸೇಲಂನಲ್ಲಿದ್ದ ನನ್ನ ಹಳೆಯ ಡ್ರಾಯಿಂಗ್ ಮೇಷ್ಟ್ರಿಗೆ ಬರೆದದ್ದನ್ನು ತೋರಿಸುತ್ತಿದ್ದೆ. ಕೊಡ, ಚೆಂಬು, ಬೆಂಚು ಇವೆಲ್ಲ ನನಗೆ ಚೆನ್ನಾಗಿ ಬರುತ್ತಿದ್ದವು. ಅವು ಅಲುಗಾಡುವುದಿಲ್ಲವಲ್ಲ! ಒಂದು ಶನಿವಾರ ಮೇಷ್ಟ್ರು ನನ್ನ ಹಾಳೆಗಳನ್ನು ಮಡಚಿ ಕೈಗೆ ಕೊಟ್ಟು, "ಪೋದುಂಡಾ," ಎಂದು ತಮಿಳಿನಲ್ಲಿ ತಡೆದು, "ಚೆಂಬು ಸಾಕು. ಉಸಿರಾಡೋರನ್ನ ಬರಿ," ಎಂದರು.

ಬರೆಯಲು ಉಸಿರಾಡುವವರು ಯಾರಾದರೂ ಸುಮ್ಮನೆ ಕೂರಬೇಕಲ್ಲ? ನಮ್ಮ ಬೀದಿಯಲ್ಲಿ ಸುಮ್ಮನೆ ಕೂತವನು ಕಾಯಿಲೆಯವನು. ಅವ್ವ ಸೊಪ್ಪು ಬಿಡಿಸುವಾಗ ಬರೆದೆ. ನೋಡಿ, "ಚೆನ್ನಾಗೈತೆ, ಯಾರ ಮನೆ ಎಮ್ಮೆ?" ಎಂದಳು. ಅಪ್ಪನನ್ನು ಕೇಳುವ ಮಾತೇ ಇರಲಿಲ್ಲ.

ಹೀಗಿರುವಾಗ ಎದುರುಮನೆಯವರು ತೀರಿಹೋದ ತಮ್ಮ ಯಜಮಾನರ ಫೋಟೋಗೆ ಕಟ್ಟು ಹಾಕಿಸಿ, ಹಾರ ಹಾಕಿ ಗೋಡೆಗೆ ನೇತುಹಾಕಿದರು. ದೊಡ್ಡವ್ವನೂ ಹೋಗಿ ನೋಡಿ ಬಂದರು. ಸಂಜೆ ನಾನು ಒಬ್ಬನೇ ಇದ್ದಾಗ ರಾಟೆ ನಿಲ್ಲಿಸಿದರು.

"ಲೇ, ನಿಮ್ಮ ದೊಡ್ಡಪ್ಪನ ಬರ್ಕೊಡ್ತೀಯಾ? ತಿಥಿ ಬತ್ತಾ ಐತೆ. ಒಂದು ಪಟಾನೂ ಇಲ್ಲ ನನ್ನತ್ರ."

"ನಾನವರನ್ನ ನೋಡೇ ಇಲ್ವಲ್ಲ ದೊಡ್ಡವ್ವ."

"ನಾನು ನೋಡಿವ್ನಲ್ಲ, ಏಳ್ತೀನಿ ಬರಿ." ಆಮೇಲೆ ದನಿ ತಗ್ಗಿಸಿ, "ಬಿರ್ನೆ ಬರಿ. ಮೊಗ ಜಾರ್ತಾ ಐತೆ ಕಣಪ್ಪ. ಮೊದ್ಲು ಕಣ್ಮುಚ್ಚುದ್ರೆ ಬರೋರು. ಈಗ ಕರುದ್ರೂ ಬರ್ತಿಲ್ಲ," ಎಂದರು.

ನಾನು ಕ್ರಮವಾಗಿ ಹೊರಟೆ. ಸೇಲಂನಿಂದ ದಪ್ಪ ಬಿಳಿ ಹಾಳೆ ತಂದು, ಪೆನ್ಸಿಲ್ ಚೂಪು ಮಾಡಿ, ಕಚೇರಿಯ ಗುಮಾಸ್ತನಂತೆ ಒಂದೊಂದೇ ಕೇಳಿದೆ. ಹಣೆ ಅಗಲವೋ ಕಿರಿದೋ? "ಹಣೆ ಇತ್ತು." ಮೂಗು? "ಮೂಗು ಮೂಗಿನಂಗೇ ಇತ್ತು ಬುಡು." ಕಿವಿ? ದೊಡ್ಡವ್ವ ಬಹಳ ಹೊತ್ತು ಯೋಚಿಸಿ, "ಎಲ್ಡಿದ್ವು," ಎಂದರು. ಹೋಲಿಕೆಗೆ ಅಪ್ಪನ ಮುಖ ನೋಡೋಣವೆಂದರೆ ಅಪ್ಪ ಅಜ್ಜಿಯ ಹಾಗೆ, ದೊಡ್ಡಪ್ಪ ಅಜ್ಜನ ಹಾಗಂತೆ. ಅಜ್ಜನನ್ನೂ ನಾನು ಕಂಡಿರಲಿಲ್ಲ. ಕಷ್ಟಪಟ್ಟು ನೆರಳುಗೀಟು ತುಂಬಿ ತೋರಿಸಿದೆ. ಎಷ್ಟು ಗೀಚಿದರೂ ಆ ಹಾಳೆಯ ಬಿಳುಪು ಒಳಗಿನಿಂದ ಹೊಳೆಯುತ್ತಿತ್ತು.

"ಇದ್ಯಾವ ದೊರೆಲಾ?" ಎಂದರು ದೊಡ್ಡವ್ವ. "ಕುದ್ರೆ ಒಂದ್ ಬಾಕಿ."

ಆಮೇಲೆ ಲೆಕ್ಕದ ಪುಸ್ತಕದ ಹಾಳೆಯ ಮೇಲೆ ಮಸಿ, ಬಿದಿರ ಲೇಖನಿ. ಮಸಿಗೆ ಧೈರ್ಯ ಬೇಕು, ಎಳೆದ ಗೆರೆ ಹಿಂದಕ್ಕೆ ಬರುವುದಿಲ್ಲ. ನನ್ನಲ್ಲಿದ್ದದ್ದು ಧೈರ್ಯವಲ್ಲ, ಹಟ. ಮುಖ ತಕ್ಕಮಟ್ಟಿಗೆ ಬಂತು, ಆದರೆ ಹಾಳೆಯ ಮೇಲಿದ್ದ ಅಡ್ಡಗೆರೆಗಳನ್ನು ನಾನು ಮರೆತಿದ್ದೆ. "ಅಯ್ಯೋ ಪಾವ, ಜೈಲಾಗ್ ಕೂರ್ಸಿದೀಯಲ್ಲೋ!" ಮೆಟ್ಟೂರಿನ ಅಣೆ ಕೆಲಸಕ್ಕೆ ಹೋಗುತ್ತಿದ್ದ ನಮ್ಮ ಬೀದಿಯವನೊಬ್ಬ ಬೇಡವಾದ ನಕ್ಷೆಯ ನೀಲಿ ಹಾಳೆ ತಂದುಕೊಟ್ಟ. ಅದರ ಖಾಲಿ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದೆ. ಈ ಸಲ ನನಗೇ ಮೆಚ್ಚುಗೆಯಾಗಿತ್ತು. ದೊಡ್ಡವ್ವ ಕೈಮುಗಿದು, "ಕಿಸ್ಣ ಚೆನ್ನಾಗವ್ನೆ. ಕೊಳಲೆಲ್ಲಿ?" ಎಂದರು.

ನಾವಿಬ್ಬರೂ ನಕ್ಕೆವು. ಆದರೆ ನೀಲಿ ಹಾಳೆಯ ಮರುದಿನ ನಾನು ಮತ್ತೊಂದು ಮುಖ ಹಿಡಿದು ಹೋದಾಗ ಅವರು ನಗಲಿಲ್ಲ. ಹಾಳೆಯನ್ನು ಬೋರಲು ಮಾಡಿ ನೆಲದ ಮೇಲಿಟ್ಟರು.

"ಬೇಡಪ್ಪ. ನೀನು ಬರ್ದಿದ್ದೆಲ್ಲಾ ನೋಡಿ ನೋಡಿ ಇದ್ದದ್ದೂ ಓಯ್ತು. ಈಗ ಕಣ್ಮುಚ್ಚುದ್ರೆ ದೊರೆ ಬತ್ತಾನೆ, ಕಿಸ್ಣ ಬತ್ತಾನೆ. ಅವ್ರು ಬರ್ತಿಲ್ಲ."

ಓದುಗರೇ, ಚಿತ್ರ ಕೆಟ್ಟರೆ ಹಾಳೆ ಹಾಳಾಗುತ್ತದೆ ಎಂದಷ್ಟೇ ಅಲ್ಲಿಯವರೆಗೆ ನಾನು ತಿಳಿದಿದ್ದೆ. ಆ ಸಂಜೆ ಮುಖಗಳನ್ನೆಲ್ಲ ಸೇರಿಸಿ ಕಟ್ಟಿ ಅಟ್ಟಕ್ಕೆ ಹಾಕಿದೆ.

ಕೈ ಸುಮ್ಮನಿರಲಿಲ್ಲ. ಶನಿವಾರಕ್ಕೆ ಮೇಷ್ಟ್ರಿಗೆ ಏನಾದರೂ ಒಯ್ಯಲೇಬೇಕಿತ್ತು. ಒಳ್ಳೆಯ ಹಾಳೆ ಮುಗಿದಿತ್ತು. ಮಿಲ್ಲಿನ ನೂಲಿನ ಕಟ್ಟುಗಳಿಗೆ ಸುತ್ತಿ ಬರುತ್ತಿದ್ದ ಒರಟು ಕಂದು ಕಾಗದ ಮನೆಯಲ್ಲಿ ರಾಶಿ ಬಿದ್ದಿತ್ತು. ಹುಣಸೆಕಡ್ಡಿಗಳನ್ನು ತಗಡಿನ ಡಬ್ಬಿಯಲ್ಲಿ ಮುಚ್ಚಿ ಒಲೆಯಲ್ಲಿ ಸುಟ್ಟು ಇದ್ದಿಲು ಮಾಡಿಕೊಂಡು, ದೊಡ್ಡವ್ವನ ರಾಟೆಯ ಪಕ್ಕ ಗೋಡೆಗೊರಗಿ ಕೂತೆ. ಎದುರಿಗಿದ್ದದ್ದು ಮಗ್ಗದಲ್ಲಿ ಕೂತ ಅಪ್ಪನ ಬರಿ ಬೆನ್ನು. ಬೆನ್ನಿಗೆ ಕಣ್ಣಿಲ್ಲ, ಆದ್ದರಿಂದ ಅನುಮತಿ ಕೇಳುವ ಪ್ರಮೇಯವಿಲ್ಲ.

ಆಗ ಒಂದು ಸಂಗತಿ ಕಂಡಿತು. ಆ ಮೈ ಒಂದು ಕ್ಷಣವೂ ಸುಮ್ಮನಿರುತ್ತಿರಲಿಲ್ಲ, ನಿಜ. ಆದರೆ ಪ್ರತಿ ಸಲ ಹಲಗೆ ಎಳೆದಾಗಲೂ ಅದು ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತಿತ್ತು. ಹಲಗೆಯ ಸದ್ದಿಗೆ ಕಣ್ಣೆತ್ತುವುದು, ಲಾಳಿ ಓಡುವಾಗ ಗೆರೆ ಎಳೆಯುವುದು. ನನ್ನ ಕೈಯೂ ಮಗ್ಗದ ಲಯಕ್ಕೆ ಬಿತ್ತು. ಇನ್ನೊಂದು ಸಂಗತಿ: ಬಿಳಿ ಹಾಳೆಯಲ್ಲಿ ಚರ್ಮದ ಬಣ್ಣಕ್ಕಾಗಿ ನಾನು ಗೀಚಿ ಗೀಚಿ ಸೋತಿದ್ದೆ. ಇಲ್ಲಿ ಚರ್ಮವನ್ನು ಬರೆಯುವುದೇ ಬೇಕಿರಲಿಲ್ಲ. ಕಾಗದವೇ ನಮ್ಮ ಮೈಬಣ್ಣ. ಬೆನ್ನುಹುರಿಯ ಹಳ್ಳ, ಪಕ್ಕೆಯ ನೆರಳು, ಕಂಕುಳ ಕತ್ತಲು, ಇಷ್ಟನ್ನು ಇದ್ದಿಲಿನಲ್ಲಿ ಮುಟ್ಟಿಸಿ ಮಿಕ್ಕದ್ದನ್ನು ಬಿಟ್ಟರೆ ಮನುಷ್ಯ ತಾನೇ ಎದ್ದು ಕೂರುತ್ತಿದ್ದ.

ನನಗೆ ಲೋಕದ ಪರಿವೆ ಇರಲಿಲ್ಲ. ರಾಟೆಯ ಸದ್ದು ಯಾವಾಗ ನಿಂತಿತೋ ತಿಳಿಯದು. ಕಿವಿಯ ಹತ್ತಿರ ದೊಡ್ಡವ್ವನ ದನಿ ಬಂತು.

"ಎಡಭುಜ ಅಂಗಲ್ಲ. ಇನ್ನೂ ಇಳೀಬೇಕು."

"ಅಪ್ಪನದು ಸಮವಾಗೇ ಇದೆಯಲ್ಲ ದೊಡ್ಡವ್ವ."

"ನಿಮ್ಮಪ್ಪನ್ದು ಯಾರಿಗ್ ಬೇಕು? ಅವ್ರದು ಎಡಗಡೆ ಇಳ್ದಿತ್ತು. ಅಲ್ಲಿ, ಕತ್ತಿನ ಬುಡ್ದಾಗೆ ಒಂದು ಗುಳಿ. ಬೆನ್ನು ಇಷ್ಟು ಅಗಲ ಇಲ್ಲ. ಕೆಳಕ್ ಬರ್ತಾ ಬರ್ತಾ ಸಣ್ಣ ಆಯ್ತಿತ್ತು. ಬಲಗಡೆ ರೆಕ್ಕೆಮೂಳೆ ಮ್ಯಾಲೆ ಮಚ್ಚೆ."

ಮೂಗು ಮೂಗಿನ ಹಾಗಿತ್ತು ಎಂದಿದ್ದ ಅದೇ ಬಾಯಿ! ನಾನು ಬಾಯಿಬಿಟ್ಟುಕೊಂಡು ನೋಡಿದೆ.

"ಏನಂಗ್ ನೋಡ್ತೀಯಲಾ? ಹಗಲೊತ್ತು ಗಂಡನ ಮೊಗ ನೋಡೋಂಗಿತ್ತಾ ನಾವು? ನಮ್ಮತ್ತೆ ಅಲ್ಲೇ ಕೂತಿರೋರು. ರಾತ್ರಿ ದೀಪ ಆರ್ಸೋರು, ಎಣ್ಣೆ ದಂಡ ಅಂತ. ಅವ್ರು ಈ ಮಗ್ಗಕ್ ಕೂತ್ರೆ ನಾನು ಕಂಡಿದ್ದೆಲ್ಲಾ ಬೆನ್ನೇ. ಇಲ್ಲಿ ಕೂತ್ಕಂಡು, ಇಷ್ಟು ವರ್ಸ, ಇದೇ."

ಮಗ್ಗ ನಿಂತಿತು.

ಅಪ್ಪನಿಗೆ ಎಲ್ಲವೂ ಕೇಳಿಸಿತ್ತು. ಬೈಗುಳಕ್ಕೆ ಸಿದ್ಧನಾಗಿ ನಾನು ಕಾಗದ ಸುತ್ತತೊಡಗಿದೆ. ಅಪ್ಪ ತಿರುಗಲಿಲ್ಲ. ಎರಡು ಕೈಯೂ ಹಲಗೆಯ ಮೇಲಿದ್ದವು. ಅವರ ಎಡಭುಜ ಮೆಲ್ಲಗೆ ಇಳಿಯಿತು.

"ಇಂಗಾ, ಅತ್ಗೆ?"

ದೊಡ್ಡವ್ವ ಕಣ್ಣು ಕಿರಿದು ಮಾಡಿ ಆ ಭುಜವನ್ನು ಅಳೆದರು. ಆಮೇಲೆ, "ಇನ್ ವಸಿ," ಎಂದರು.

ಭುಜ ಇನ್ನಷ್ಟು ಇಳಿಯಿತು.

"ತಲೆ ಬಲಕ್ ವಾಲ್ಸಪ್ಪ. ನನ್ನ ರಾಟೆ ನಿಂತ್ರೆ ಅಂಗ್ ವಾಲ್ಸೋರು, ಯಾಕ್ ನಿಂತ್ತೋ ಅಂತ ಕಿವಿ ಕೊಟ್ಟು. ತಿರುಗಿ ನೋಡೋಂಗಿರ್ಲಿಲ್ವಲ್ಲ ಪಾವ."

ಅಪ್ಪ ತಲೆ ವಾಲಿಸಿದರು. ಹೊಸ ಕಾಗದ ಹಾಸಿಕೊಂಡು ನಾನು ಬರೆಯತೊಡಗಿದೆ. ಇದ್ದಿಲು ಮುರಿಯಿತು, ಚೂರಿನಲ್ಲೇ ಬರೆದೆ. ಅವ್ವ ಸೌಟು ಹಿಡಿದು ಓಡಿ ಬಂದಳು. "ಯಾಕ್ ಮಗ್ಗ ನಿಂತ್ತು? ಯಾರಿಗೇನಾಯ್ತು?"

"ಏನೂ ಆಗಿಲ್ಲ, ಸುಮ್ನಿರು," ಎಂದರು ಅಪ್ಪ, ಕತ್ತು ಅಲುಗಿಸದೆ. "ಅಣ್ಣ ಕೂತವ್ನೆ."

ಅವ್ವ ಸೌಟಿನ ಸಮೇತ ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿದಳು. ನಮ್ಮ ಮನೆಯಲ್ಲಿ ಊಟಕ್ಕೆ ಮುಂಚೆ ಅಷ್ಟು ಹೊತ್ತು ಸದ್ದಿಲ್ಲದೆ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಕೊನೆಗೆ ಬೆವರಿನ ಹೊಳಪು ಉಳಿಯಿತು. ಸೀಮೆಸುಣ್ಣ ಆ ಒರಟು ಕಾಗದದ ಮೇಲೆ ನಿಲ್ಲದೆ ಉದುರುತ್ತಿತ್ತು. ದೊಡ್ಡವ್ವ ಎದ್ದು ಹೋಗಿ ಅಪ್ಪನ ಎಲೆಅಡಿಕೆ ಪೆಟ್ಟಿಗೆಯಿಂದ ಬೆರಳ ತುದಿಯಲ್ಲಿ ಸುಣ್ಣ ತಂದರು. ನಾನು ಕೈಯೊಡ್ಡಿದೆ. ಅವರು ನನಗೆ ಕೊಡಲಿಲ್ಲ. ಕಾಗದದ ಮುಂದೆ ಕೂತು, ಕತ್ತಿನ ಗುಳಿಯ ಪಕ್ಕ ಒಂದು ಸಲ, ಇಳಿದ ಭುಜದ ಮೇಲೆ ಒಂದು ಸಲ, ಬೆನ್ನುಹುರಿಯ ಗುಂಟ ಉದ್ದಕ್ಕೆ ಒಂದು ಸಲ, ತಾವೇ ಸವರಿದರು. ಅವಸರವಿಲ್ಲದೆ, ಎಲ್ಲರ ಎದುರಿಗೆ, ನಡುಹಗಲಿನಲ್ಲಿ.

ಇದ್ದಿಲು ಉದುರದಂತೆ ತೆಳು ಗಂಜಿನೀರು ಚಿಮುಕಿಸಿ ಒಣಗಿಸಿದೆವು. ಮೊದಲ ಸಲ ಗಂಜಿ ಸೀದಿತ್ತು, ಎರಡನೆಯದು ಮಂದವಾಗಿತ್ತು. ಒಂದು ಮೂಲೆಗೆ ಇರುವೆ ಹತ್ತಿ ಚೂರು ತಿಂದೂ ಹಾಕಿತು. ಶನಿವಾರ ಮೇಷ್ಟ್ರಲ್ಲಿಗೆ ನಾನು ಬರಿಗೈಯಲ್ಲಿ ಹೋದೆ. ಕೊಂಡೊಯ್ಯಲು ದೊಡ್ಡವ್ವ ಬಿಟ್ಟಿದ್ದರೆ ತಾನೆ!

ತಿಥಿಯ ದಿನ ಬಂದ ನೆಂಟರೊಬ್ಬರು ಮೂಗು ಮುರಿದರು. "ಏನಯ್ಯಾ ಇದು? ಬೆನ್ನು ತಿರುಗ್ಸಿರೋರಿಗೆ ಹೂವಾ?"

"ಬೆನ್ನ್ಯಾಕೆ ನೋಡ್ತೀರಿ? ಮಗ್ಗಕ್ಕೆ ಮೊಗ ಮಾಡವ್ನೆ," ಎಂದು ಅಪ್ಪ ಹಾರವನ್ನು ತಾವೇ ಹಾಕಿದರು.

ಚಿತ್ರ ರಾಟೆಯ ಎದುರು ಗೋಡೆಗೆ ಹೋಯಿತು. ಕೆಲವು ದಿನ ಕಳೆದ ಮೇಲೆ, ಹೆದರುತ್ತಲೇ ನಾನು ದೊಡ್ಡವ್ವನನ್ನು ಕೇಳಿದೆ, ಈಗ ಮುಖ ನೆನಪಾಗುತ್ತದೆಯೇ ಎಂದು. ಅವರು ನೂಲು ಬಿಡದೆ ಚಿತ್ರದ ಕಡೆ ನೋಡಿದರು.

"ನೇಯ್ತಾ ಅವ್ರೆ. ಮುಗುಸ್ಕಂಡು ತಿರುಗ್ತಾರೆ ಬುಡು. ಏನವಸರ?"

ಮತ್ತೆಂದೂ ಮುಖ ಬರೆಯಲು ಕೇಳಲಿಲ್ಲ. ಕೊನೆಯ ವರ್ಷಗಳಲ್ಲಿ ಕಣ್ಣು ಮಂಜಾದ ಮೇಲೂ ಆ ಗೋಡೆಯ ಕಡೆಗೇ ಕೂರುತ್ತಿದ್ದರು. ನಡುನಡುವೆ ರಾಟೆ ನಿಲ್ಲಿಸಿ, ಸ್ವಲ್ಪ ಕಾದು, ಮತ್ತೆ ತಿರುಗಿಸುತ್ತಿದ್ದರು. ಯಾರಿಗಾಗಿ ನಿಲ್ಲಿಸುತ್ತಿದ್ದರೆಂದು ನಮಗೆಲ್ಲ ಗೊತ್ತಿತ್ತು.

ನಾನು ಡ್ರಾಯಿಂಗ್ ಮೇಷ್ಟ್ರಾದೆ, ನಿವೃತ್ತನೂ ಆದೆ. ಅಪ್ಪ ಹೋಗಿಯೂ ಎಷ್ಟೋ ಕಾಲವಾಯಿತು. ಅವರ ಫೋಟೋ ನಮ್ಮಲ್ಲಿದೆ: ಎರವಲು ತಂದ ಕೋಟು, ಕುರ್ಚಿಯ ಮೇಲೆ ಕೈ, ಕೋಲು ನುಂಗಿದಂತೆ ನಿಲುವು. ಅದರಲ್ಲಿ ಅಪ್ಪನ ಎರಡು ಭುಜವೂ ಸಮವಾಗಿವೆ. ಅವರು ಇದ್ದದ್ದೇ ಹಾಗೆ.

ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ, ಪತ್ರಿಕೆ ಓದುವ ಹೊತ್ತಿನಲ್ಲಿ, ಹರಿದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಇವತ್ತು ಮಗ್ಗಕ್ಕೆ ಕೂತ ಅಪ್ಪನ ಬೆನ್ನನ್ನು ಬರೆಯತೊಡಗಿದೆ. ಕತ್ತಿನಿಂದ ಶುರುಮಾಡಿ ಬಲಭುಜಕ್ಕೆ ಬಂದೆ. ಎಡಕ್ಕೆ ಬಂದಾಗ ಕೈ ತಾನೇ ಇಳಿಯಿತು. ತಪ್ಪು ಗೆರೆಯನ್ನು ಆ ಕ್ಷಣವೇ ಅಳಿಸಬೇಕೆಂದು ಎಷ್ಟು ಮಕ್ಕಳ ಕೈಗೆ ಪೆಟ್ಟು ಕೊಟ್ಟವನು ನಾನು! ರಬ್ಬರು ತೆಗೆದುಕೊಂಡೆ, ಹಾಗೇ ಹಿಡಿದುಕೊಂಡು ಕೂತೆ. ಅಪ್ಪನನ್ನು ಒಂದು ಸಲವಾದರೂ ಮನದಣಿಯೆ ನೋಡಿದ್ದೇನೆಂದರೆ ಅದು ಆ ಒಂದು ಹಗಲು. ಆವತ್ತು ಅವರು ತಮ್ಮ ಅಣ್ಣನಾಗಿ ಕೂತಿದ್ದರು.

ರಬ್ಬರನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಚಿತ್ರದಲ್ಲಿ ಅಪ್ಪನ ತಲೆಯನ್ನೂ ಸ್ವಲ್ಪ ಬಲಕ್ಕೆ ವಾಲಿಸಿದೆ.