ಮರಿಗಳಿಗೆ ಹಾಕಿದ ಹುಗ್ಗಿ

ಫರೀದಾಬಾದಿನ ಸೆಕ್ಟರುಗಳು ಮುಗಿದು ಹೊಲಗಳು ಶುರುವಾಗುವ ಕಡೆ ದೇವಕಿಯೂ ಅವಳ ಗಂಡ ಮುರಳೀಧರನೂ ಮನೆ ಕಟ್ಟಿಕೊಂಡಿದ್ದರು. ಮಳವಳ್ಳಿ ಕಡೆಯವರು. ಮುರಳೀಧರ ದಿಲ್ಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡು ನಿವೃತ್ತನಾದವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಅಂಥವನ ಕೈಗೆ ಕೊನೆಗಾಲದಲ್ಲಿ ನಿಜವಾದ ಮೊಲಗಳೇ ಬಂದವು ಎಂದರೆ ನಗು ಬರಬೇಕು. ದೇವಕಿಗೆ ನಗು ಬಂದದ್ದೂ ಉಂಟು, ಸ್ವಲ್ಪ ದಿನ.

ಮೊಲಗಳಿಗಿಂತ ಮುಂಚಿನದನ್ನು ಹೇಳಿಬಿಡಬೇಕು. ಅವರಿಗೆ ದಿಲೀಪ ಒಬ್ಬನೇ ಮಗ. ಕೊರೋನಾದ ಎರಡನೇ ಅಲೆಯಲ್ಲಿ ಆಸ್ಪತ್ರೆ ಸೇರಿದ. ಫೋನಿನಲ್ಲಿ ಏದುಸಿರು ಬಿಡುತ್ತಾ, "ಅಮ್ಮಾ, ಭೂಖ್ ಲಗೀ ಹೈ, ತುಂಬಾ ಹಸಿವು. ಇಲ್ಲಿಂದು ಗಂಟಲಲ್ಲಿ ಇಳಿಯಲ್ಲ. ಅನ್ನ ಸಾರು ಕಳಿಸು" ಅಂದ. ದೇವಕಿ ಕಟ್ಟಿಕೊಟ್ಟಳು. ಮುರಳೀಧರ ಡಬ್ಬಿ ಹಿಡಿದು ಗೇಟಿನ ಮುಂದೆ ಬಿಸಿಲಲ್ಲಿ ನಿಂತ. ಆ ದಿನಗಳಲ್ಲಿ ಒಳಗಿನ ವಾರ್ಡಿಗೆ ಯಾರೂ ಏನನ್ನೂ ಒಯ್ಯುವ ಹಾಗಿರಲಿಲ್ಲ. ಸಂಜೆ ಡಬ್ಬಿ ಕಟ್ಟಿದ ಹಾಗೇ ಮನೆಗೆ ಬಂತು. ಮರುದಿನ ಮಗ ಹೋದ.

ಅಂದಿನಿಂದ ಮುರಳೀಧರ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಎಬ್ಬಿಸಿದರೆ ಎದ್ದ, ಬಡಿಸಿದರೆ ಉಂಡ. ಮಾತಿಲ್ಲ, ಕತೆಯಿಲ್ಲ. ಸತ್ತ ಮಗನಿಗಾಗಿ ಅಳಲೋ, ಬದುಕಿದ್ದೂ ಇಲ್ಲದ ಗಂಡನಿಗಾಗಿ ಅಳಲೋ ಎಂದು ದೇವಕಿ ಸಿಟ್ಟಿನಲ್ಲೇ ದಿನ ನೂಕಿದಳು. ಹಬ್ಬಗಳು ಬಂದವು, ಹೋದವು. ಅವಳು ಒಲೆಯ ಮೇಲೆ ಬೆಲ್ಲದ ಪಾತ್ರೆ ಇಡಲಿಲ್ಲ.

ಹೀಗಿರುವಾಗ ನೋಯ್ಡಾದಲ್ಲಿದ್ದ ಹಳೆಯ ಸಹೋದ್ಯೋಗಿ ದತ್ತಾತ್ರೇಯ ಒಂದು ಜೋಡಿ ಮೊಲವನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದಿಟ್ಟು ಹೋದ. ಅವನ ಮೊಮ್ಮಗಳಿಗೆ ಅವುಗಳ ಮೇಲೆ ಬೇಸರ ಬಂದಿತ್ತಂತೆ. ಮೊದಲ ಸೂಲಿನ ಮರಿಗಳು, ದೇವಕಿ ತರಕಾರಿ ಮಂಡಿಯಿಂದ ತಂದು ಹಾಕಿದ ಒದ್ದೆ ಹೂಕೋಸಿನ ಎಲೆ ತಿಂದು, ಭೇದಿಯಾಗಿ ಸತ್ತವು. ಅವತ್ತು ಮುರಳೀಧರ ಗೋಡೆ ಬಿಟ್ಟು ಹೊರಳಿ, "ಯಾಕೆ ಸತ್ತವು?" ಎಂದು ಕೇಳಿದ. ಮಗ ಹೋದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ಅದು.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಪಶು ಆಸ್ಪತ್ರೆಗೆ ಹೋಗಿ ಕೇಳಿಕೊಂಡು ಬಂದ. ಸೈಕಲ್ ಏರಿ ಹೊಲಗಳಿಗೆ ಹೋದ. ಕಾಯಿ ಬಿಡಿಸಿಕೊಂಡ ಮೇಲೆ ರೈತರು ಬದುವಿಗೆ ಎಸೆಯುವ ಬಟಾಣಿ ಬಳ್ಳಿ, ಒಕ್ಕಿದ ಮೇಲೆ ಉಳಿಯುವ ಕಡಲೆ ಹೊಟ್ಟು, ಇವನ್ನೆಲ್ಲ ಬೇಡಿ ತಂದ. ಬೆಂಕಿಗೆ ಹೋಗುವುದನ್ನು ಹೊತ್ತುಕೊಂಡು ಹೋಗುವ ಈ ಬಾಬೂಜಿಯನ್ನು ಕಂಡು ಅವರು ನಕ್ಕರು. ನಗಲಿ ಬಿಡಿ. ಅವನು ಬಳ್ಳಿಯನ್ನು ತಾರಸಿಯ ಮೇಲೆ ಹರಡಿ ಒಣಗಿಸಿ, ಬೂಷ್ಟು ಹಿಡಿದಿದೆಯೇ ಎಂದು ಹಿಡಿ ಹಿಡಿಯಾಗಿ ಮೂಸಿ ನೋಡಿ, ಕತ್ತರಿಸಿ, ಹೊಟ್ಟಿನ ಜೊತೆ ಬೆರೆಸಿ ಹಾಕುತ್ತಿದ್ದ. "ಬೆಳೆಯೋ ಮರಿಗೆ ನಾರು ಬೇಕು ಕಣೇ. ಅನ್ನ, ಬೆಲ್ಲ ಒಂದು ಚೂರೂ ತೋರಿಸಬೇಡ. ಹೊಟ್ಟೆ ಉಬ್ಬಿ ಸಾಯ್ತವೆ" ಎಂದು ಅವಳಿಗೆ ನೂರು ಸಲ ಹೇಳಿದ.

ಎರಡನೇ ಸೂಲಿನಲ್ಲಿ ಏಳು ಮರಿ. ಹಾಲು ಬಿಟ್ಟು ಬಳ್ಳಿ ಹಿಡಿದವು, ಬೆಳೆದವು. ಮುರಳೀಧರ ಅಡುಗೆಮನೆಯ ತಕ್ಕಡಿಯಲ್ಲಿ ಅವನ್ನು ತೂಗಿ, "ಬೂದು ಬಣ್ಣದ್ದು ನೋಡು ದೇವಕೀ, ಕಳ್ಳ, ಎಲ್ಲರ ಪಾಲೂ ತಿಂದು ಹಾಕ್ತಿದೆ" ಅನ್ನುತ್ತಿದ್ದ. ಊಟಕ್ಕೆ ಕೂತರೆ ಸಾರು ಇನ್ನೊಂದು ಸಲ ಕೇಳುತ್ತಿದ್ದ. ಈ ಏಳು ಜೀವ ಇರುವ ತನಕ ತನ್ನ ಗಂಡನೂ ಇರುತ್ತಾನೆ ಎಂದು ದೇವಕಿಗೆ ಖಾತ್ರಿಯಾಯಿತು. ಅಲ್ಲಿನವರ ಲೋಹ್ರಿ ಹಬ್ಬದ ಬೆಂಕಿಗೆ ಒಂದು ಹೊರೆ ಬಳ್ಳಿ ಕೊಡಿ ಎಂದು ಪಕ್ಕದ ಮನೆಯವರು ಬಂದಾಗ, "ನಹೀಂ ಜೀ, ಇದು ನನ್ನ ಮಕ್ಕಳ ಅನ್ನ" ಎಂದು ಮುರಳೀಧರ ಕಳಿಸಿಬಿಟ್ಟ. ಆ ಮಾತು ಕೇಳಿ ಅವಳು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮರುದಿನ ಸಂಕ್ರಾಂತಿ. ಇಷ್ಟು ವರ್ಷದ ಮೇಲೆ ದೇವಕಿ ಬೆಲ್ಲದ ಹುಗ್ಗಿ ಮಾಡಿದಳು. ಮುರಳೀಧರ ಬಳ್ಳಿ ತರಲು ಹೋಗಿದ್ದ. ಅವಳ ತವರಿನಲ್ಲಿ ಸಂಕ್ರಾಂತಿಯ ಹುಗ್ಗಿಯನ್ನು ಮೊದಲು ದನಕರುಗಳಿಗೆ ಹಾಕದೆ ಮನೆಯವರು ಯಾರೂ ಬಾಯಿಗಿಡುವಂತಿರಲಿಲ್ಲ. ಇಲ್ಲಿ ದನ ಎಲ್ಲಿಂದ ಬರಬೇಕು? ಮನೆಗೆ ಜೀವ ತಂದವು ಇವೇ ಅಲ್ಲವೇ? ಗಂಡನ ಮಾತು ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿ ನೆನಪಿತ್ತು. ಶಾಸ್ತ್ರಕ್ಕೆ ಒಂದು ತುತ್ತು, ಏನಾದೀತು ಎಂದುಕೊಂಡಳು. ಆರಿಸಿ ಬೆರಳಲ್ಲಿ ಹಿಡಿದಳು. ಮರಿಗಳು ಮುಗಿಬಿದ್ದು ಅವಳ ಬೆರಳು ನೆಕ್ಕಿದವು, ಇನ್ನೂ ಬೇಕೆಂದು ಮೂತಿ ಚಾಚಿದವು. ತುತ್ತು ಬಟ್ಟಲಾಯಿತು. ಅತಿಯಾದರೆ ಅಮೃತವೂ ವಿಷ ಅನ್ನುವುದು ಅವಳಿಗೆ ಗೊತ್ತಿಲ್ಲದ ಗಾದೆಯೇ? ಆದರೆ ಪಾಪ, ತಾನು ಮಾಡಿದ್ದನ್ನು ಆಸೆಪಟ್ಟು ತಿನ್ನುವ ಎಳೆಯ ಬಾಯಿಯನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತು.

ಬೆಳಗಾಗುವಷ್ಟರಲ್ಲಿ ಮರಿಗಳು ಮೂಲೆ ಹಿಡಿದು ಹಲ್ಲು ಮಸೆಯುತ್ತಿದ್ದವು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ಮುರಳೀಧರ ಅವನ್ನು ಸ್ವೆಟರಿನೊಳಗೆ ಕಟ್ಟಿಕೊಂಡು ಪಶು ಆಸ್ಪತ್ರೆಗೆ ಓಡಿದ, ಹಿಂದೆಯೇ ದೇವಕಿ. ಏನು ಹಾಕಿದಿರಿ ಎಂದು ಡಾಕ್ಟರು ಕೇಳಿದರು. "ಬಟಾಣಿ ಬಳ್ಳಿ, ಕಡಲೆ ಹೊಟ್ಟು. ಬೇರೆ ಏನೂ ಇಲ್ಲ" ಎಂದ. ಮಂಜಿನ ಕಾಲ, ಬಳ್ಳಿಗೆ ಬೂಷ್ಟು ಬಂದಿರಬಹುದು ಎಂದರು ಅವರು. ದೇವಕಿ ಶಾಲು ಬಿಗಿಯಾಗಿ ಹೊದ್ದು ನಿಂತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಏಳೂ ಹೋದವು. ಬೂದು ಬಣ್ಣದ್ದು ಕೊನೆಗೆ ಹೋಯಿತು, ಅವನ ಅಂಗೈಯಲ್ಲೇ. ಮುರಳೀಧರ ತಾರಸಿಯಿಂದ ಬಳ್ಳಿಯನ್ನೆಲ್ಲ ಎಳೆದು ಬೀದಿಗೆ ಹಾಕಿ ಬೆಂಕಿ ಕೊಟ್ಟ. "ಅಂಕಲ್‌ಜೀ, ಇಷ್ಟು ಹೊಗೆ! ಪೊಲೀಸರು ಬರ್ತಾರೆ!" ಎಂದು ಅಕ್ಕಪಕ್ಕದವರು ಕೂಗಿಕೊಂಡರು. ಅವನು ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಆ ಬೆನ್ನನ್ನು ನೋಡಿ ದೇವಕಿಗೆ ತಡೆಯಲಾಗಲಿಲ್ಲ. ಮಂಚದ ತುದಿಯಲ್ಲಿ ಕೂತಳು.

"ರೀ, ನಿಮ್ಮ ಬಳ್ಳಿ ಚೆನ್ನಾಗೇ ಇತ್ತು. ನಾನು ಕೊಂದೆ. ಹಬ್ಬ ಅಂತ ಹುಗ್ಗಿ ಹಾಕಿದೆ."

ಬೈಯಲಿ, ಹೊಡೆಯಲಿ, ಎದ್ದು ಕೂತರೆ ಸಾಕು ಎಂದು ಅವಳು ಕಾದಳು.

"ತಿಂದ್ವಾ?" ಎಂದ ಕೊನೆಗೆ.

"ಹೂಂ. ಬಟ್ಟಲು ನೆಕ್ಕಿದ್ವು."

"ಹೊಟ್ಟೆ ತುಂಬಾ?"

"ಹೊಟ್ಟೆ ತುಂಬಾ ತಿಂದ್ವು ಕಣ್ರೀ."

ಅವನು ರಜಾಯಿಯನ್ನು ತಲೆಯ ಮೇಲೆ ಎಳೆದುಕೊಂಡ. "ಸದ್ಯ, ಇವಾದ್ರೂ ಹಸ್ಕೊಂಡು ಹೋಗ್ಲಿಲ್ಲ" ಎಂದ ಒಳಗಿನಿಂದಲೇ. ರಜಾಯಿ ಅಲುಗಾಡುತ್ತಿತ್ತು. ಅವಳು ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಅಲುಗಾಟ ನಿಂತ ಮೇಲೂ ಅವನು ಈ ಕಡೆ ತಿರುಗಲಿಲ್ಲ.

ಹೊರಗೆ ಗೂಡಿನಲ್ಲಿ ತಾಯಿ ಮೊಲ ಖಾಲಿ ತಟ್ಟೆಯನ್ನು ಕೆರೆಯುತ್ತಿತ್ತು. ಮನೆಯಲ್ಲಿ ಒಂದು ಎಳೆ ಬಳ್ಳಿಯೂ ಉಳಿದಿರಲಿಲ್ಲ. "ಬಳ್ಳಿ ತರೋಕೆ ಬರ್ತೀರಾ?" ಎಂದು ದೇವಕಿ ಕೇಳಿದಳು, ಎರಡು ಸಲ ಕೇಳಿದಳು. ಆಮೇಲೆ ಚೀಲ ತೆಗೆದುಕೊಂಡು ಒಬ್ಬಳೇ ಹೊಲದ ಕಡೆ ಹೊರಟಳು.